ಮಟ್ಟ ನಿಂತ್ರೂ ಕೈ ನಿಲ್ಲಿಸ್ಬೇಡಿ: ಪಪ್ಪಾಯಿ ದಂಟಲ್ಲಿ ಈಕ್ವಿಲಿಬ್ರಿಯಂ

ಕುಮಟಾದಲ್ಲಿ ಪಿಯುಸಿ ಹುಡುಗ್ರಿಗೆ ಟ್ಯೂಷನ್ ಹೇಳ್ತೀನಿ. ಈಕ್ವಿಲಿಬ್ರಿಯಂ, ಅಂದ್ರೆ ರಿಯಾಕ್ಷನ್ ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೀತಾ ಇರೋ ಸಮತೋಲನ, ಈ ಪಾಠದ ಡೆಫಿನಿಶನ್ ಎಲ್ರಿಗೂ ಬಾಯಿಪಾಠ, ಆದ್ರೆ "ತಮಾ, ಈಗ ಪಾತ್ರೆಯೊಳಗೆ ಏನ್ ನಡೀತಾ ಇದೆ?" ಅಂತ ಕೇಳಿದ್ರೆ ಅರ್ಧ ಕ್ಲಾಸು "ರಿಯಾಕ್ಷನ್ ನಿಂತೋಯ್ತು ಸರ್" ಅನ್ನತ್ತೆ, ಉಳಿದರ್ಧ "ಎರಡೂ ಕಡೆ ಸಮಸಮ ಆಯ್ತು" ಅನ್ನತ್ತೆ. ಎರಡೂ ತಪ್ಪು. ಈ ತಪ್ಪು ಬೋರ್ಡ್ ಮೇಲೆ ಬರೆದ್ರೆ ಹೋಗಲ್ಲ, ಕೈಯಲ್ಲೇ ಮಾಡ್ಬೇಕು.

ಮೊದಲ್ನೇದು, ರಿಯಾಕ್ಷನ್ ಹಿಂದಕ್ಕೂ ಹೋಗತ್ತೆ ಅಂತ ನಂಬೋದು. ತೋಟ ಇರೋ ಮನೇಲಿ ಅಡಿಕೆ ಕೊಳೆರೋಗದ ಔಷಧಿಗೆ ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಇರತ್ತಲ್ಲ, ಒಂದು ಚಿಟಿಕೆ ಹಳೇ ಚಮಚದಲ್ಲಿ ಮೆಲ್ಲಗೆ ಕಾಯ್ಸಿ, ನೀಲಿ ಹೋಗಿ ಬೆಳ್ಳಗಾಗತ್ತೆ, ತಣಿದ್ಮೇಲೆ ಒಂದು ಹನಿ ನೀರು ಬಿಟ್ರೆ ಮತ್ತೆ ನೀಲಿ. ದೊಡ್ಡವ್ರು ಪಕ್ಕದಲ್ಲಿರ್ಲಿ, ಆ ಚಮಚ ಮತ್ತೆ ಅಡುಗೆಮನೆಗೆ ಹೋಗ್ಬಾರ್ದು, ಅದು ವಿಷ.

ಎರಡನೇದು ಮುಚ್ಚಿದ ಪಾತ್ರೆ. ಅಘನಾಶಿನಿ ಹೊಳೆ ಚಿಪ್ಪು ಸುಟ್ಟು ಸುಣ್ಣ ಮಾಡ್ತಾರಲ್ಲ, ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗತ್ತೆ. ಭಟ್ಟಿ ಬಾಯಿ ತೆರೆದಿರೋದ್ರಿಂದ ಗ್ಯಾಸ್ ಹಾರಿಹೋಗತ್ತೆ, ವಾಪಸ್ ಬರೋಕೆ ಯಾರೂ ಇಲ್ಲ, ಹಾಗಾಗಿ ಚಿಪ್ಪೆಲ್ಲ ಸುಣ್ಣ. ಅದನ್ನೇ ಗಟ್ಟಿಯಾಗಿ ಮುಚ್ಚಿ ಕಾಯ್ಸಿದ್ರೆ ಗ್ಯಾಸ್ ಒಳಗೇ ಉಳಿದು ಸುಣ್ಣದ ಜೊತೆ ಸೇರಿ ಮತ್ತೆ ಕಾರ್ಬೊನೇಟ್ ಆಗ್ತಾ ಇರತ್ತೆ. ಸಮೀಕರಣದಲ್ಲಿ ಜೋಡಿ ಬಾಣ (⇌) ಹಾಕೋದು ಇದಕ್ಕೆ.

ಈಗ ನಿಜವಾದ ಕೆಲಸ. 100 ಮಿಲಿಯ ಎರಡು ಅಳತೆ ಜಾಡಿ ಬೇಕು, ಕಾಲೇಜ್ ಲ್ಯಾಬಲ್ಲಿ ಸಿಗತ್ತೆ. ಹಾರ್ಲಿಕ್ಸ್ ಬಾಟ್ಲಿ ಬೇಡ, ಅಗಲ ಜಾಸ್ತಿ ಆದ್ರೆ ನೂರಾರು ಸಲ ನೀರು ಸಾಗ್ಸಿ ಕೈ ಸೋತು ಹುಡುಗ್ರು ಅರ್ಧಕ್ಕೇ ಬಿಟ್ಟು ಕ್ರಿಕೆಟ್‌ಗೆ ಓಡ್ತಾರೆ, ನೋಡಿದ್ದೀನಿ. ನೀರೆತ್ತೋಕೆ ಎರಡು ಕೊಳವೆ, ಒಂದರ ಒಳತೂತು 8 ಮಿಮೀ, ಇನ್ನೊಂದರದ್ದು 6. ಪ್ಲಾಸ್ಟಿಕ್ ಸ್ಟ್ರಾ 2022ರಲ್ಲೇ ಬ್ಯಾನ್ ಆಯ್ತು, ಈಗ ಸಿಗೋ ಪೇಪರ್ ಸ್ಟ್ರಾ ಹತ್ತು ಸಲ ಅದ್ದೋದ್ರೊಳಗೆ ದೋಸೆ ಥರ ಮೆತ್ತಗಾಗತ್ತೆ, ದುಡ್ಡು ದಂಡ. ಗಾಜಿನ ಕೊಳವೆ ಇದ್ರೆ ಬೆಸ್ಟ್, ಇಲ್ದಿದ್ರೆ ಹಿತ್ತಲ ಪಪ್ಪಾಯಿ ಎಲೆ ದಂಟು ಕೊಯ್ದು ಹಾಲು ತೊಳೀರಿ. 8ಕ್ಕಿಂತ ದಪ್ಪ ತೂತಾದ್ರೆ ಸೋರತ್ತೆ.

ಒಂದು ಜಾಡಿಗೆ 100 ಮಿಲಿ ನೀರು, ಇದು ಎ, ರಿಯಾಕ್ಷನ್‌ಗೆ ಹಾಕಿದ ವಸ್ತು ಅಂದ್ಕೊಳ್ಳಿ. ಇನ್ನೊಂದು ಖಾಲಿ, ಅದು ಬಿ, ರಿಯಾಕ್ಷನ್‌ನಿಂದ ಆಗೋ ವಸ್ತು. ಎ ಜಾಡಿಗೆ ದಪ್ಪ ದಂಟು, ಬಿ ಜಾಡಿಗೆ ಸಣ್ಣದು, ದಂಟು ದಪ್ಪ ಇದ್ದಷ್ಟೂ ಆ ಕಡೆಯ ರಿಯಾಕ್ಷನ್ ಜೋರು ಅಂತ ಲೆಕ್ಕ. ಇಬ್ರು ಕೂತ್ಕೊಳ್ಳಿ. ದಂಟಿನ ಬಾಯಿ ತೆರೆದಿಟ್ಟು ತಳ ಮುಟ್ಟಿಸಿ, ಕೂದಲೆಳೆಯಷ್ಟು ಎತ್ತಿ, ಆಮೇಲೆ ಹೆಬ್ಬೆರಳಲ್ಲಿ ಮುಚ್ಚಿ ತೆಗೀರಿ, ಎದುರಿನ ಜಾಡಿಗೆ ಬಿಡಿ. ಇಬ್ರೂ ಒಟ್ಟಿಗೇ ಎತ್ಬೇಕು, ಎಲ್ರೂ ಎಡವೋದು ಇಲ್ಲೇ, ಒಬ್ಬ ಸುರಿದಾದ್ಮೇಲೆ ಇನ್ನೊಬ್ಬ ಎತ್ತಿದ್ರೆ ಲೆಕ್ಕ ಹಾಳು. ಇನ್ನೊಂದು ತಪ್ಪು ಅಂದ್ರೆ ಅರ್ಧಕ್ಕೆ ಅದ್ದೋದು, ತಳ ಮುಟ್ಟಿದ್ರೆ ಮಾತ್ರ ಜಾಡಿಲಿ ಎಷ್ಟು ಎತ್ತರ ನೀರಿದೆಯೋ ದಂಟಲ್ಲೂ ಅಷ್ಟೇ ಏರತ್ತೆ, ನೀರು ಜಾಸ್ತಿ ಇದ್ದಲ್ಲಿಂದ ಜಾಸ್ತಿ ಹೋಗೋದು ಅದರಿಂದ್ಲೇ. ಐದೈದು ಸಲಕ್ಕೊಮ್ಮೆ ಎರಡೂ ಮಟ್ಟ ಬರ್ಕೊಳ್ಳಿ.

ಮೂವತ್ತು ನಲವತ್ತು ಸಲ ಆಗೋ ಹೊತ್ತಿಗೆ ಎ ಹತ್ರಹತ್ರ 36ಕ್ಕೆ, ಬಿ 64ಕ್ಕೆ ಬಂದು ನಿಂತ್ಬಿಡತ್ತೆ, ದಂಟು ಒಂದೇ ಸಮ ಇರಲ್ಲ, ಒಂದೆರಡು ಮಿಲಿ ಆಚೀಚೆ ಆದ್ರೆ ಅಡ್ಡಿಲ್ಲ. ಸಮಸಮ ಆಯ್ತಾ? ಇಲ್ಲ. ಸಮ ಆಗಿದ್ದು ಒಂದೊಂದು ಸಲಕ್ಕೆ ಹೋಗೋ ನೀರು ಮತ್ತು ಬರೋ ನೀರು. 64ನ್ನ 36ರಿಂದ ಭಾಗಿಸಿ, 1.78, ಇದೇ ನಿಮ್ಮ ಆಟದ ಕೆ, ಅಂದ್ರೆ ಪಾಠದಲ್ಲಿ ಬರೋ ಸಮತೋಲನ ಸ್ಥಿರಾಂಕ.

ಇಲ್ಲೇ ಹುಡುಗ್ರು ಎದ್ದು ಹೋಗ್ತಾರೆ. ಹೋಗ್ಬೇಡಿ ಮಾರಾಯ್ರೆ! ಮುರುಗಲ ಸಿಪ್ಪೆ ನೆನೆಸಿದ ಕೆಂಪು ನೀರು ಒಂದೆರಡು ಗಟ್ಟಿ ಹನಿ ಎ ಜಾಡಿಗೆ ಹಾಕಿ ಮತ್ತೆ ಸಾಗ್ಸಿ. ಮಟ್ಟ ಕದಲಲ್ಲ, ಆದ್ರೆ ಬಿ ಮೆಲ್ಲಗೆ ಕೆಂಪಾಗ್ತಾ ಬರತ್ತೆ. ಎಲ್ಲ ನಿಂತೇ ಹೋಗಿದ್ರೆ ಬಣ್ಣ ಆಚೆ ದಾಟಿದ್ದು ಹೆಂಗೆ? ನೈಟ್ರೋಜನ್, ಹೈಡ್ರೋಜನ್ ಸೇರಿ ಆಗೋ ಅಮೋನಿಯಾ ವಿಷಯದಲ್ಲೂ ಇದೇ ಉಪಾಯ ಮಾಡ್ತಾರೆ, ಸಮತೋಲನದಲ್ಲಿರೋ ಮಿಶ್ರಣಕ್ಕೆ ಹೈಡ್ರೋಜನ್ ಬದ್ಲು ಅದರದ್ದೇ ಭಾರದ ರೂಪ ಡ್ಯೂಟೀರಿಯಂ ಸೇರ್ಸಿ ನೋಡಿದ್ರೆ ಅದು ಅಮೋನಿಯಾ ಒಳಗೂ ಸಿಗತ್ತೆ.

ಉಳಿದದ್ದು ಬೇಗ ಮುಗಿಯತ್ತೆ. ಎ ಜಾಡಿಗೆ 20 ಮಿಲಿ ಜಾಸ್ತಿ ಸುರೀರಿ, ಮತ್ತೆ ಸಾಗ್ಸಿದ್ರೆ 43, 77ಕ್ಕೆ ಬಂದು ನಿಲ್ಲತ್ತೆ, ಕೆ ಅದೇ, 1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೆ ಶಾಟಲಿಯೆ ಹೇಳಿದ ಥರಾನೇ ಸುರಿದಿದ್ದರಲ್ಲಿ ಮುಕ್ಕಾಲಿಲ್ದಿದ್ರೂ ಅರ್ಧಕ್ಕಿಂತ ಜಾಸ್ತಿ ಬಿ ಕಡೆ ಸರೀತು. 100 ಮಿಲಿಯನ್ನ ಬಿ ಜಾಡಿಲೇ ಇಟ್ಟು ಶುರು ಮಾಡಿದ್ರೂ ಕೊನೆಗೆ ಅದೇ 36, 64. ರಿಯಾಕ್ಷನ್ ವೇಗ ಹೆಚ್ಚಿಸೋ ಕ್ಯಾಟಲಿಸ್ಟ್ ಅಂದ್ರೆ ಇಬ್ರೂ ಒಂದೇ ಥರ ಜೋರಾಗಿ ಎತ್ತಿದ ಹಾಗೆ, ಮಟ್ಟ ಬೇಗ ನಿಲ್ಲತ್ತೆ, ಆದ್ರೆ ಬೇರೆ ಕಡೆ ನಿಲ್ಲಲ್ಲ. ಇದನ್ನ ತಪ್ಪು ಬರೆದಿರೋ ಗೈಡ್ ಒಂದು ನನ್ನ ಟೇಬಲ್ ಮೇಲೇ ಇದೆ, ಕೊಂಡ್ಕೋಬೇಡಿ ಅಂತಾನೇ ಹೇಳೋದು.

ಟೆಂಪರೇಚರ್ ಮಾತ್ರ ಬೇರೆ, ಅದು ದಂಟನ್ನೇ ಬದಲಾಯ್ಸತ್ತೆ. ಅಮೋನಿಯಾ ಆಗೋವಾಗ ಶಾಖ ಹೊರಗೆ ಬರತ್ತೆ, ಹಾಗಾಗಿ ಬಿಸಿ ಹೆಚ್ಚಿದ್ರೆ ವಾಪಸ್ ಹೋಗೋ ದಂಟೇ ಹೋಲಿಕೇಲಿ ದಪ್ಪ ಆಗತ್ತೆ, ಕೆ ಇಳಿಯತ್ತೆ. ತೀರಾ ತಣ್ಣಗಿಟ್ರೆ ಇಬ್ರೂ ತೂಕಡಿಸ್ತಾರೆ, ಮಟ್ಟ ನಿಲ್ಲೋಕೆ ಯುಗ ಬೇಕು. ಅದಕ್ಕೇ ಕಾರ್ಖಾನೇಲಿ ಅಮೋನಿಯಾ ಮಾಡೋ ಹೇಬರ್ ವಿಧಾನದಲ್ಲಿ 450 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಸುಮಾರು 200 ಪಟ್ಟು ವಾಯುಒತ್ತಡ, ಜೊತೆಗೆ ಕಬ್ಬಿಣದ ಕ್ಯಾಟಲಿಸ್ಟ್.