ಫ್ರೀಮಾಂಟಿನ ಮೇಲೆ ಯಾವ ಬಣ್ಣ? ಹಳೆಯ ಭಾಷಾ ನಕ್ಷೆ ಓದುವ ಬಗೆ

ನಮ್ಮ ಮನೆಯ ಊಟದ ಮೇಜಿನ ಪಕ್ಕದ ಗೋಡೆಯಲ್ಲಿ ಒಂದು ನಕ್ಷೆ ಇದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷಾ ಕುಟುಂಬಗಳನ್ನು, ಅಂದರೆ ಒಂದೇ ಮೂಲದಿಂದ ಬಂದ ಭಾಷೆಗಳ ಗುಂಪುಗಳನ್ನು, ಬಣ್ಣಬಣ್ಣದಲ್ಲಿ ತೋರಿಸುವ ನಕ್ಷೆ. 1891ರಲ್ಲಿ ಅಚ್ಚಾದದ್ದು. ಮಾಡಿಸಿದವರು ಜಾನ್ ವೆಸ್ಲಿ ಪೊವೆಲ್. ಒಂದು ಕೈ ಕಳೆದುಕೊಂಡ ಮೇಲೂ 1869ರಲ್ಲಿ ದೋಣಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ದಾಟಿದ್ದರಲ್ಲ, ಅವರೇ. ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಭಾನುವಾರ ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಮನೆಗೆ ಬಂದವರು ನಕ್ಷೆ ನೋಡಿ "ಎಷ್ಟು ಚೆನ್ನಾಗಿದೆ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಇದು ಸುಮ್ನೆ ನೋಡುವ ಚಿತ್ರವಲ್ಲ, ಕೂತು ಓದಬೇಕಾದದ್ದು. ನಾನು ಓದಲು ಕಲಿತ ಬಗೆಯನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಒಳ್ಳೆಯ ಪ್ರತಿ ಬೇಕು. ನಾನು ಮೊದಲ ಸಲ ಆನ್‌ಲೈನಿನಲ್ಲಿ ತರಿಸಿದ ಪ್ರತಿಯಲ್ಲಿ ಬಣ್ಣಗಳ ಪಟ್ಟಿಯನ್ನೇ ಕತ್ತರಿಸಿಬಿಟ್ಟಿದ್ದರು. ಯಾವ ಬಣ್ಣ ಯಾವ ಕುಟುಂಬದ್ದು ಅಂತ ತಿಳಿಯದಿದ್ದರೆ ಆ ಕಾಗದದಿಂದ ಏನು ಪ್ರಯೋಜನ? ಲೈಬ್ರರಿ ಆಫ್ ಕಾಂಗ್ರೆಸ್, ಡೇವಿಡ್ ರಮ್ಸಿ ಸಂಗ್ರಹ, ಇಂಥ ಕಡೆ ಹಳೆಯ ನಕ್ಷೆಗಳ ದೊಡ್ಡ ಸ್ಕ್ಯಾನ್‌ಗಳು ಪುಕ್ಕಟೆಯಾಗಿ ಸಿಗುತ್ತವೆ. ಅಂಚಿನಿಂದ ಅಂಚಿನವರೆಗೆ ಪೂರ್ತಿ ಇದೆಯಾ, ದೊಡ್ಡದು ಮಾಡಿದಾಗ ಸಣ್ಣ ಅಕ್ಷರ ಓದಲು ಬರುತ್ತದಾ ಅಂತ ನೋಡಿ ಆಮೇಲೆ ಪ್ರಿಂಟ್ ಹಾಕಿಸಿ. ಹೊಳಪಿಲ್ಲದ ಕಾಗದ ಒಳ್ಳೆಯದು. ಬಿಸಿಲು ಬೀಳುವ ಗೋಡೆ ಬೇಡ, ತಿಳಿ ಬಣ್ಣಗಳು ಬೇಗ ಮಾಸುತ್ತವೆ.

ನಕ್ಷೆಯ ಜೊತೆಗೆ ಪೊವೆಲ್ ಬರೆದ ದೀರ್ಘ ವರದಿಯೂ ಇದೆ. ಅದರ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗಿನಲ್ಲಿ ಸಿಗುತ್ತದೆ. ಪ್ರತಿ ಕುಟುಂಬಕ್ಕೆ ಆ ಹೆಸರು ಎಲ್ಲಿಂದ ಬಂತು, ಅದರ ಗಡಿ ಎಲ್ಲಿ, ಮೊದಲು ಯಾರು ಏನೆಂದು ಬರೆದರು, ಎಲ್ಲ ಅದರಲ್ಲಿದೆ. ನಕ್ಷೆಯನ್ನು ಗೋಡೆಯಲ್ಲಿಟ್ಟು ವರದಿಯನ್ನು ಫೋನಿನಲ್ಲಿ ತೆರೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಓದಿದರೇ ಸರಿ.

ಈಗ ಮುಖ್ಯ ಪ್ರಶ್ನೆ. ಈ ನಕ್ಷೆ ಯಾವ ವರ್ಷದ್ದು? 1891 ಅಂದರೆ ತಪ್ಪಾಗುತ್ತದೆ. ಅದು ಅಚ್ಚಾದ ವರ್ಷ, ಅಷ್ಟೇ. ಯುರೋಪಿನವರು ಮೊದಲ ಸಲ ಕಂಡಾಗ ಯಾವ ಜನ ಎಲ್ಲಿದ್ದರೋ ಅಲ್ಲಿ ಅವರ ಬಣ್ಣ ಹಾಕಿದ್ದಾರೆ. ಪೂರ್ವ ಕರಾವಳಿಯಲ್ಲಿ ಅದು 1600ರ ಆಸುಪಾಸು. ಪಶ್ಚಿಮದ ಒಳನಾಡಿನಲ್ಲಿ 1800ರ ಈಚೆ. ಅಂದರೆ ಇನ್ನೂರು ವರ್ಷ ಅಂತರದ ಕಾಲಗಳು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕೂತಿವೆ! ಚೆರೊಕೀ ಜನರನ್ನೇ ನೋಡಿ. ದಕ್ಷಿಣ ಅಪಲಾಚಿಯನ್ ಬೆಟ್ಟಗಳಲ್ಲಿ ಇರೊಕ್ವಾಯನ್ ಕುಟುಂಬದ ಬಣ್ಣದ ಒಂದು ದ್ವೀಪ ಕಾಣುತ್ತದೆ. ಅದು ಅವರ ನಾಡು. ಆದರೆ 1838-39ರಲ್ಲೇ ಸರ್ಕಾರ ಅವರಲ್ಲಿ ಬಹುಪಾಲು ಜನರನ್ನು ಅಲ್ಲಿಂದ ಎಬ್ಬಿಸಿ, ಈಗಿನ ಒಕ್ಲಹೋಮಾಕ್ಕೆ ನಡೆಸಿಕೊಂಡು ಹೋಗಿತ್ತು. ಸಾವಿರಾರು ಜನ ಸತ್ತರು. ನಕ್ಷೆ ಅಚ್ಚಾಗುವ ಹೊತ್ತಿಗೆ ಅದಾಗಿ ಅರ್ಧ ಶತಮಾನ ಕಳೆದಿತ್ತು. ಬಣ್ಣ ಮಾತ್ರ ಹಳೆಯ ಊರಲ್ಲೇ ಇದೆ.

ಹಾಗಾಗಿ ನಕ್ಷೆಯ ಮೇಲೆ ಒಂದು ಟ್ರೇಸಿಂಗ್ ಹಾಳೆ ಇಟ್ಟು ಪೆನ್ಸಿಲಿನಲ್ಲಿ ವರ್ಷಗಳನ್ನು ಬರೆಯುತ್ತಾ ಬನ್ನಿ. ನಾನು ಮೊದಲು ಬರೆದದ್ದು ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೇಲೆ: 1829. ಬಿಯೋಥುಕ್ ಜನರಲ್ಲಿ ಕೊನೆಯವಳೆಂದು ಗುರುತಿಸಲಾದ ಶಾನಾಡಿತಿತ್ ತೀರಿಕೊಂಡ ವರ್ಷ. ಆ ದ್ವೀಪಕ್ಕೂ ನಕ್ಷೆಯಲ್ಲಿ ಬಣ್ಣ ಇದೆ. ಎರಡನೆಯದು ಉತ್ತರ ಕ್ಯಾಲಿಫೋರ್ನಿಯಾದಲ್ಲಿ, ಯಾನ ಅನ್ನುವ ಸಣ್ಣ ತುಣುಕಿನ ಮೇಲೆ: 1911. ಇಶಿ ಅಂತ ಹೆಸರಾದ ಯಾನ ಮನುಷ್ಯ ಓರೊವಿಲ್ ಊರಿನಲ್ಲಿ ಒಬ್ಬನೇ ಕಾಣಿಸಿಕೊಂಡ ವರ್ಷ ಅದು. ಅಂದರೆ ಈ ನಕ್ಷೆ ಅಚ್ಚಾದಾಗ ಅವನು ತನ್ನವರ ಜೊತೆ ಆ ಬೆಟ್ಟಗಳಲ್ಲಿ ಅಡಗಿಕೊಂಡು ಬದುಕಿದ್ದ. ಒಂದು ಬಣ್ಣದ ಅಡಿಯಲ್ಲಿ ಯಾರೂ ಉಳಿದಿರಲಿಲ್ಲ. ಇನ್ನೊಂದರ ಅಡಿಯಲ್ಲಿ ನಾಲ್ಕಾರು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಹಾಳೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಆಮೇಲೆ ನಿಮ್ಮ ಊರು ಹುಡುಕಿ. ಹಳೆಯ ನಕ್ಷೆಯಲ್ಲಿ ಈಗಿನ ಊರುಗಳು ಇರುವುದಿಲ್ಲ, ನದಿ ಮತ್ತು ಕರಾವಳಿಯ ತಿರುವುಗಳನ್ನು ಹಿಡಿದು ಹೋಗಬೇಕು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಸಿಕ್ಕ ಹೆಸರು ಕೊಸ್ಟಾನೋವನ್. ಸ್ಪ್ಯಾನಿಷ್‌ನಲ್ಲಿ ಕರಾವಳಿಯವರು ಅಂತ. ಅವರ ಮಕ್ಕಳು ಮೊಮ್ಮಕ್ಕಳು ಈಗ ತಮ್ಮನ್ನು ಒಲೋನಿ ಅಂತ ಕರೆದುಕೊಳ್ಳುತ್ತಾರೆ. ಫ್ರೆಸ್ನೋ ಕಡೆ ಇರುವವರು ಮಾರಿಪೋಸನ್ ಅಂತ ಓದುತ್ತೀರಿ. ಸ್ಪ್ಯಾನಿಷ್‌ನಲ್ಲಿ ಮಾರಿಪೋಸ ಅಂದರೆ ಚಿಟ್ಟೆ. ಅಲ್ಲಿನ ಒಂದು ಕೌಂಟಿಗೆ ಆ ಹೆಸರಿತ್ತು, ಅದನ್ನೇ ಭಾಷಾ ಕುಟುಂಬಕ್ಕೂ ಅಂಟಿಸಿದರು. ಅಲ್ಲಿನ ಜನ ಯೋಕುಟ್ಸ್. ಸ್ಯಾಕ್ರಮೆಂಟೋ ಸುತ್ತ ಪುಜೂನನ್ ಅಂತಿದ್ದರೆ ಅದು ಮೈದು ಕುಟುಂಬ. ಮೊದಲು ಅಚ್ಚಾದ ಹೆಸರೇ ನಿಲ್ಲಬೇಕು, ಕೊನೆಗೆ ಒಂದೇ ಬಗೆಯ ಬಾಲ ಸೇರಬೇಕು ಅನ್ನುವುದು ಪೊವೆಲ್ ಹಾಕಿಕೊಂಡ ನಿಯಮ. ಸಸ್ಯಗಳಿಗೆ ಹೆಸರಿಡುವ ಹಾಗೆ. ಆ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು ಅಂತ ಈ ನಿಯಮ ಕೇಳುವುದಿಲ್ಲ. ಟ್ರೇಸಿಂಗ್ ಹಾಳೆಯಲ್ಲಿ ಈಗಿನ ಹೆಸರನ್ನೂ ಬರೆಯಿರಿ.

ನಾನು ಜಾಸ್ತಿ ಹೊತ್ತು ಕಳೆಯುವುದು ಬಣ್ಣಗಳನ್ನು ಹೋಲಿಸುವುದರಲ್ಲಿ. ಎರಡು ರೀತಿ ನೋಡಿ. ದೂರದೂರದಲ್ಲಿ ಒಂದೇ ಬಣ್ಣ ಎಲ್ಲಿದೆ? ಅಲಾಸ್ಕಾದ ಒಳನಾಡಿನಲ್ಲಿರುವ ಅಥಪಾಸ್ಕನ್ ಬಣ್ಣವೇ ಅರಿಜೋನಾದ ಮರಳುಗಾಡಿನಲ್ಲಿ ನವಾಹೊ, ಅಪಾಚೆ ಜನರ ಮೇಲೂ ಇದೆ. ನಡುವೆ ಸಾವಿರಾರು ಮೈಲಿ. ಕ್ಯಾಲಿಫೋರ್ನಿಯಾದ ಹೂಪಾ ಕಣಿವೆಯಲ್ಲೂ ಅದೇ ಬಣ್ಣದ ಒಂದು ಚೂರು. ದ್ರಾವಿಡಕ್ಕೆ ಒಂದು ಬಣ್ಣ ಕೊಟ್ಟರೆ ನಮ್ಮ ಕನ್ನಡದ ಬಣ್ಣವೇ ಬಲೂಚಿಸ್ತಾನದ ಬ್ರಾಹುಯಿ ಮೇಲೂ ಬರುತ್ತದೆ, ಹಾಗೆ. ಬಣ್ಣ ಹೀಗೆ ಒಡೆದಿದ್ದರೆ ಯಾರೋ ದೂರ ನಡೆದುಹೋಗಿದ್ದಾರೆ, ಇಲ್ಲವೇ ನಡುವೆ ಬೇರೆಯವರು ಬಂದಿದ್ದಾರೆ ಅಂತ ಲೆಕ್ಕ.

ಇನ್ನೊಂದು, ಪಕ್ಕಪಕ್ಕದಲ್ಲಿ ಬೇರೆಬೇರೆ ಬಣ್ಣ ಎಲ್ಲಿದೆ? ಪೊವೆಲ್ ಎಣಿಸಿದ ಕುಟುಂಬಗಳು ಒಟ್ಟು 58. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕ್ಯಾಲಿಫೋರ್ನಿಯಾ ಒಂದರಲ್ಲೇ ಇವೆ. ಕೌದಿ ಹೊಲಿದ ಹಾಗೆ ಚೂರುಚೂರು. ಆದರೆ 58 ಅನ್ನುವುದು ಕೊನೆಯ ಮಾತಲ್ಲ. ಅವರು ನೆಚ್ಚಿಕೊಂಡಿದ್ದು ಮುಖ್ಯವಾಗಿ ಪದಪಟ್ಟಿಗಳನ್ನು. ಪದಗಳಿಂದ ನಂಟು ಕಾಣದಿದ್ದರೆ ಬೇರೆ ಬಣ್ಣ ಕೊಟ್ಟರು. ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ಯುರೋಕ್ ಮತ್ತು ವಿಯೊಟ್ ನಕ್ಷೆಯಲ್ಲಿ ಎರಡು ಬೇರೆ ಕುಟುಂಬಗಳು. ಈ ಎರಡೂ ಪೂರ್ವದ ದೊಡ್ಡ ಆಲ್ಗೊಂಕಿಯನ್ ಕುಟುಂಬದ ನೆಂಟರು ಅಂತ 1913ರಲ್ಲಿ ಭಾಷಾತಜ್ಞ ಎಡ್ವರ್ಡ್ ಸಪಿರ್ ಹೇಳಿದರು. ವಿದ್ವಾಂಸರು ದಶಕಗಳ ಕಾಲ ಜಗಳವಾಡಿದರು, ಕೊನೆಗೆ ಒಪ್ಪಿದರು. ಅಂಥ ಕಡೆ ನಾನು ಟ್ರೇಸಿಂಗ್ ಹಾಳೆಯಲ್ಲಿ ದಾರದ ಹಾಗೆ ಒಂದು ಗೆರೆ ಎಳೆಯುತ್ತೇನೆ.

ಬಣ್ಣದ ಅಗಲ ನೋಡಿ ಜನಸಂಖ್ಯೆ ಅಂದಾಜು ಮಾಡಬೇಡಿ. ಉತ್ತರದ ಹಿಮನಾಡಿನಲ್ಲಿ ಅಂಗೈ ಅಗಲದ ಬಣ್ಣ ಇದ್ದರೂ ಅಲ್ಲಿ ಜನ ತೀರಾ ವಿರಳ. ಹಾಗೆಯೇ ಒಂದು ಬಣ್ಣ ಅಂದರೆ ಒಂದು ಭಾಷೆಯಲ್ಲ. ಆಲ್ಗೊಂಕಿಯನ್ ಅನ್ನುವ ಒಂದೇ ಬಣ್ಣದೊಳಗೆ ಕ್ರೀ, ಒಜಿಬ್ವೆ, ಶಯನ್, ಬ್ಲ್ಯಾಕ್‌ಫುಟ್ ಎಲ್ಲ ಇವೆ. ಮೆಕ್ಸಿಕೋದ ನಾವಾಟ್ಲ್, ಮಾಯಾ ಇಲ್ಲಿ ಸಿಗುವುದಿಲ್ಲ. ನಕ್ಷೆ ಮೆಕ್ಸಿಕೋದಿಂದ ಉತ್ತರಕ್ಕೆ ಮಾತ್ರ.

ಗಡಿರೇಖೆಗಳ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ನಾನು ಪುತ್ತೂರಿನವಳು. ಮನೆಯಲ್ಲಿ ಹವ್ಯಕ ಕನ್ನಡ, ತೋಟಕ್ಕೆ ಬರುವವರ ಜೊತೆ ತುಳು, ಅಂಗಡಿಯಲ್ಲಿ ಕೊಂಕಣಿ, ಮೀನು ಮಾರುವವರದ್ದು ಬ್ಯಾರಿ. ಅಪ್ಪ ಒಂದೇ ಬೆಳಗ್ಗೆ ನಾಲ್ಕರಲ್ಲೂ ಮಾತಾಡುತ್ತಿದ್ದರು. ನಮ್ಮೂರಿಗೆ ಯಾವ ಬಣ್ಣ ಹಾಕುತ್ತೀರಿ? ಈ ನಕ್ಷೆಯ ಜನರಲ್ಲೂ ಎರಡು ಮೂರು ಭಾಷೆ ಬಲ್ಲವರು ಬೇಕಾದಷ್ಟಿದ್ದರು. ಗೆರೆಯ ಹತ್ತಿರ ಬಂದಾಗ ಅಲ್ಲಿನ ಮನೆಗಳಲ್ಲಿ ಎರಡೂ ಕಡೆಯ ಮಾತು ಇತ್ತು ಅಂತಲೇ ಓದಿಕೊಳ್ಳಿ.

ಕೊನೆಗೆ, ನಿಮ್ಮ ಊರಿನ ಬಣ್ಣದ ಭಾಷೆಯಿಂದ ಒಂದು ಮಾತನ್ನಾದರೂ ಕಲಿಯಿರಿ. ನಮ್ಮ ಫ್ರೀಮಾಂಟಿನ ನೆಲದ ಭಾಷೆ ಚೊಚೆನ್ಯೊ, ಒಲೋನಿ ಕುಟುಂಬದ್ದು. 1797ರಲ್ಲಿ ಸ್ಪೇನಿನ ಪಾದ್ರಿಗಳು ಇಲ್ಲಿ ಮಿಷನ್ ಸ್ಯಾನ್ ಹೊಸೆ ಕಟ್ಟಿದಾಗ ಸುತ್ತ ಕೇಳುತ್ತಿದ್ದ ಮಾತು ಅದು. 1920ರ ದಶಕದಲ್ಲಿ ಭಾಷಾತಜ್ಞ ಜಾನ್ ಪಿ. ಹ್ಯಾರಿಂಗ್ಟನ್ ಕೊನೆಯ ಮಾತುಗಾರರ ಹತ್ತಿರ ಕೂತು ರಾಶಿರಾಶಿ ಬರೆದುಕೊಂಡರು. ಆ ಟಿಪ್ಪಣಿಗಳಿಂದಲೇ ಒಲೋನಿ ಜನ ಈಗ ತಮ್ಮ ಮಾತನ್ನು ಮತ್ತೆ ಕಲಿಯುತ್ತಿದ್ದಾರೆ. ಶುಭದಿನ ಅನ್ನುವುದಕ್ಕೆ ಅವರು "ಹೊರ್ಶೆ ಟೂಖಿ" ಅನ್ನುತ್ತಾರೆ. ಆ ಭಾಷೆಯಲ್ಲಿ ತ ಬೇರೆ, ಟ ಬೇರೆ. ಇಂಗ್ಲಿಷ್ ಕಿವಿಗೆ ಕಷ್ಟವಾಗುವ ಈ ವ್ಯತ್ಯಾಸ ನಮ್ಮ ಕನ್ನಡ ತರಗತಿಯ ಮಕ್ಕಳಿಗೆ ಸುಲಭ, ತಾನೇ? ಭಾನುವಾರ ನಕ್ಷೆಯ ಮುಂದೆ ಬಂದಾಗ ಅವರು ಆ ಟಕಾರವನ್ನು ಗಟ್ಟಿಯಾಗಿ ಹೇಳುತ್ತಾರೆ.