ಕಿಸೆ ತಕ್ಕಡಿಯಲ್ಲಿ ತೂಗಿದ ಟಾರ್ಕ್

ಏಕರೂಪ ಕಾಂತಕ್ಷೇತ್ರದಲ್ಲಿ ಕರೆಂಟ್ ಹರಿಯುವ ಸುರುಳಿಯ ಮೇಲೆ ಒಟ್ಟು ಬಲ ಸೊನ್ನೆ, ಟಾರ್ಕ್ (ತಿರುಗಿಸುವ ಪರಿಣಾಮ) ಮಾತ್ರ ಉಳಿಯುತ್ತದೆ. ದ್ವಿತೀಯ ಪಿಯುಸಿ ಬೋರ್ಡಿನ ಮೇಲೆ ನಾವೆಲ್ಲ ಬರೆದವರೇ. ಇದನ್ನು ತೂಗಿ ತೋರಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. "ಅರ್ಧ ಗ್ರಾಂ ಬಲ, ಎಲ್ಲಿ ಸಿಗಬೇಕು ಸರ್?" ಅಂದರು. ಸಿಕ್ಕಿತು.

ಮೊದಲು ಹಳೇ ಸ್ಪೀಕರಿನ ಎರಡು ಮ್ಯಾಗ್ನೆಟ್ ಎದುರುಬದುರು ಇಟ್ಟು ನೋಡಿದೆ. ನೂರು ರೂಪಾಯಿಯೂ ಖರ್ಚಾಗಲಿಲ್ಲ, ಆದರೆ ಸುರುಳಿ ತಿರುಗುವ ಜೊತೆಗೆ ಒಂದು ಕಡೆ ವಾಲಿತು. ಕ್ಷೇತ್ರ ಎಲ್ಲ ಕಡೆ ಸಮ ಇಲ್ಲದಿದ್ದರೆ ಹಾಗೇ. 'ಮ್ಯಾಗ್ನೆಟ್ ಸುರುಳಿಯನ್ನು ಎಳೆಯುತ್ತದೆ' ಅಂತ ಹುಡುಗರು ಬರೆದುಕೊಂಡರು. ನನಗೆ ಬೇಕಿದ್ದ ಪಾಠ ಅದಲ್ಲ.

ಹೆಲ್ಮ್‌ಹೋಲ್ಟ್ಸ್ ಜೋಡಿಯೇ ಬೇಕು, ಅಂದರೆ ಎದುರುಬದುರು ನಿಲ್ಲಿಸಿದ ಒಂದೇ ಅಳತೆಯ ಎರಡು ಸುರುಳಿ; ಅವುಗಳ ನಡುವೆ ಕ್ಷೇತ್ರ ಹೆಚ್ಚುಕಡಿಮೆ ಸಮ ಇರುತ್ತದೆ. ರೆಡಿ ಸೆಟ್ಟಿಗೆ ಹತ್ತು ಸಾವಿರದ ಮೇಲೆ ಕೇಳಿದರು. ಕಲಬುರಗಿಯ ನೆಹರೂ ಗಂಜ್ ಕಡೆ ದಾಲ್ ಮಿಲ್ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಹೋದೆ. 22 ಗೇಜ್ ತಂತಿ, ಒಂದೊಂದಕ್ಕೆ 150 ಸುತ್ತು, ತ್ರಿಜ್ಯ 15 ಸೆಂ.ಮೀ., ನಡುವೆ ಅಂತರವೂ ಅಷ್ಟೇ. ತಾಮ್ರ ಹೆಚ್ಚುಕಡಿಮೆ ಒಂದು ಕೆಜಿ ಹಿಡಿಯಿತು. ಕೂಲಿ, ಪ್ಲೈವುಡ್, ಕಿಸೆ ತಕ್ಕಡಿ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು. ತಕ್ಕಡಿ ಅಂದರೆ ಸರಾಫರು ಇಟ್ಟುಕೊಳ್ಳುವ, 0.01 ಗ್ರಾಂ ತೋರಿಸುವಂಥದ್ದು.

ಎರಡು ಆಂಪಿಯರ್ ಬಿಟ್ಟರೆ ನಡುವೆ ಕ್ಷೇತ್ರ ಸುಮಾರು 1.8 ಮಿಲಿಟೆಸ್ಲಾ (ಟೆಸ್ಲಾ ಅಂದರೆ ಕಾಂತಕ್ಷೇತ್ರದ ಅಳತೆ). ಆದರೆ ಅದಕ್ಕೆ 50 ವ್ಯಾಟ್ ಬೇಕು. ನಮ್ಮ ಮೇ ತಿಂಗಳ ಸೆಕೆ ಗೊತ್ತಲ್ವಾ? ತಂತಿ ಕಾದಂತೆ ರೋಧ ಏರಿ ಕರೆಂಟ್ ಇಳಿಯುತ್ತದೆ, ರೀಡಿಂಗ್ ಜಾರುತ್ತಲೇ ಇರುತ್ತದೆ. ಪುಶ್ ಬಟನ್ ಹಾಕಿದೆ. ಒತ್ತಿ, ಓದಿ, ಬಿಟ್ಟುಬಿಡುವುದು. ಯುಪಿಎಸ್‌ನ ಎರಡು ಹಳೇ ಬ್ಯಾಟರಿ ಸಾಕು, ಲೈಟ್ ಹೋದರೂ ಚಿಂತೆಯಿಲ್ಲ.

ಒಳಗಿನ ಸುರುಳಿ 5 ಸೆಂ.ಮೀ. ಚೌಕ, 100 ಸುತ್ತು, ಅರ್ಧ ಆಂಪಿಯರ್. ಅದನ್ನು ಕಡ್ಡಿಯ ತುದಿಗೆ ಅಡ್ಡ ಮಲಗಿಸಿ, ಕಡ್ಡಿಯನ್ನು ಕೆಳಗೆ ದೂರದಲ್ಲಿಟ್ಟ ತಕ್ಕಡಿಯ ಮೇಲೆ ನಿಲ್ಲಿಸಿದೆ. ಜಾಸ್ತಿ ಕಾಡಿದ್ದು ಸುರುಳಿಗೆ ಹೋಗುವ ತಂತಿಗಳು. ಅವೇ ಸುರುಳಿಯನ್ನು ಎತ್ತಿ ಹಿಡಿಯುತ್ತಿದ್ದವು. ಸ್ಪೀಕರ್ ಕೋನಿಗೆ ಹೋಗುವ ಹೆಣೆದ ಮೆತ್ತನೆ ತಂತಿ ಹಾಕಿದ ಮೇಲೆ ಸರಿಹೋಯಿತು. ಅದನ್ನು ಇಳಿಬಿಡುವ ರೀತಿ ಮಾತ್ರ ಇಲ್ಲಿ ಹೇಳುವುದಿಲ್ಲ. ಬಂದು ನೋಡಿ.

ಬಟನ್ ಒತ್ತಿದರೆ ತಕ್ಕಡಿ ಅಲುಗಲಿಲ್ಲ! ಒಂದು ಬದಿಗೆ ಮೇಲಕ್ಕೆ, ಎದುರು ಬದಿಗೆ ಅಷ್ಟೇ ಬಲ ಕೆಳಕ್ಕೆ. ಕ್ಷೇತ್ರಕ್ಕೆ ಸಮಾಂತರ ಇರುವ ಉಳಿದೆರಡು ಬದಿಗೆ ಏನೂ ಇಲ್ಲ. ಆಮೇಲೆ ಸುರುಳಿಯ ನಡುವೆ ಸೂಜಿ ಕೀಲು ಕೊಟ್ಟು, ಒಂದು ಅಂಚನ್ನಷ್ಟೇ ಕಡ್ಡಿಯ ಮೇಲೆ ಊರಿಸಿದೆ. 0.9 ಗ್ರಾಂ ಹತ್ತಿರ ಬಂತು. ಕೀಲನ್ನು ಎದುರಿನ ಅಂಚಿಗೆ ಸರಿಸಿದೆ, 0.45. ಟಾರ್ಕ್ ಅಂದರೆ ಬಲ ಗುಣಿಸು ಕೀಲಿನಿಂದ ದೂರ; ಇಲ್ಲಿ ದೂರ ಎರಡರಷ್ಟು, ಬಲ ಅರ್ಧ. ಕೀಲು ಎಲ್ಲಿದ್ದರೂ ಟಾರ್ಕ್ ಅಷ್ಟೇ. ಇದನ್ನು ಕಣ್ಣಾರೆ ತೋರಿಸಿದ್ದಕ್ಕೆ ನನಗೆ ನಿಜಕ್ಕೂ ಹೆಮ್ಮೆ ಇದೆ.

ಸುಮ್ನೆ ಇನ್ನೊಂದು ಮಾಡಿ ನೋಡಿದೆ. ದೊಡ್ಡ ಜೋಡಿಯನ್ನು ಬಂದ್ ಮಾಡಿ, ಸುರುಳಿಯನ್ನು ರೇಷ್ಮೆ ದಾರಕ್ಕೆ ತೂಗುಬಿಟ್ಟೆ. ಭೂಮಿಯ ಕ್ಷೇತ್ರ ಬರೀ 0.04 ಮಿಲಿಟೆಸ್ಲಾ. ಆದರೂ ನಿಧಾನಕ್ಕೆ ತಿರುಗಿ ಮುಖ ಉತ್ತರ-ದಕ್ಷಿಣ ಮಾಡಿ ನಿಂತಿತು. ಕರೆಂಟ್ ಉಲ್ಟಾ ಮಾಡಿದರೆ ಬೆನ್ನು ತಿರುಗಿಸುತ್ತದೆ. ತ್ರಿಕೋನದ ಸುರುಳಿಯನ್ನೂ ಸುತ್ತಿಸಿಕೊಂಡು ಬಂದಿದ್ದೇನೆ. ವಿಸ್ತೀರ್ಣ ಅಷ್ಟೇ ಇಟ್ಟಿದ್ದೇನೆ, ಟಾರ್ಕೂ ಅಷ್ಟೇ ಬರಬೇಕು. ಮುಂದಿನ ವಾರ ತೂಗುತ್ತೇನೆ.