ಬೆಲ್ಲದ ದರಪಟ್ಟಿ ಇಟ್ಟುಕೊಂಡು ಹ್ಯಾಸ್ಕೆಲ್ ಕಲಿತದ್ದು

ಸಿ, ಪೈಥಾನ್ ಮುಗಿಸಿ ಫಂಕ್ಷನಲ್ ಪ್ರೋಗ್ರಾಮಿಂಗ್‌ಗೆ ಬಂದಾಗ ಕೈ ಮೊದಲು ಲೂಪನ್ನೇ ಹುಡುಕುತ್ತದೆ. ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಫಾರ್ ಲೂಪ್ ಇಲ್ಲ, ಒಂದು ಹೆಸರಿಗೆ ಒಮ್ಮೆ ಕೊಟ್ಟ ಬೆಲೆ ಆಮೇಲೆ ಬದಲಾಗುವುದೂ ಇಲ್ಲ. ಮೈಸೂರಿನಲ್ಲಿ ಓದುತ್ತಾ ನಾನು ಅಭ್ಯಾಸಕ್ಕೆ ಆರಿಸಿಕೊಂಡದ್ದು ಮಂಡ್ಯ ಮಾರುಕಟ್ಟೆಯ ಬೆಲ್ಲದ ದರ. ಪರಿಚಿತ ಲೆಕ್ಕವಾದರೆ ಉತ್ತರ ತಪ್ಪಿದ್ದು ಕಣ್ಣಿಗೇ ಗೊತ್ತಾಗುತ್ತದೆ.

ಇನ್‌ಸ್ಟಾಲ್ ಮಾಡಲು ಜಿಎಚ್‌ಸಿಅಪ್ (GHCup) ಎಂಬ ಇನ್‌ಸ್ಟಾಲರ್ ಸಾಕು. ಜಿಎಚ್‌ಸಿ ಎಂಬ ಕಂಪೈಲರ್ ಜೊತೆಗೆ, ಒಂದೊಂದೇ ಸಾಲು ಬರೆದು ಉತ್ತರ ನೋಡುವ ಜಿಎಚ್‌ಸಿಐ ಕೂಡ ಬರುತ್ತದೆ. ಅದರಲ್ಲಿ ಕೋಲನ್ ಟಿ ಟೈಪ್ ಹೇಳುತ್ತದೆ, ಕೋಲನ್ ಆರ್ ತಿದ್ದಿದ ಫೈಲನ್ನು ಮತ್ತೆ ಓದುತ್ತದೆ. ಎಡಿಟರ್‌ನಲ್ಲಿ ಟ್ಯಾಬ್ ಬದಲು ಸ್ಪೇಸ್ ಬೀಳುವಂತೆ ಮಾಡಿಕೊಳ್ಳಿ. ಸಾಲು ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೂ ಇಲ್ಲಿ ಅರ್ಥವಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಕಾಗದದ ಮೇಲೆ ಬಿಡಿಸುವುದು. ಓದಲು ಸುಲಭವಾಗಲೆಂದು ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ. [] ಎಂದರೆ ಖಾಲಿ ಪಟ್ಟಿ, ಕೋಲನ್ನಿನ ಎಡಕ್ಕಿರುವುದು ಪಟ್ಟಿಯ ಮೊದಲ ಸಂಖ್ಯೆ, ಬಲಕ್ಕಿರುವುದು ಉಳಿದ ಪಟ್ಟಿ:

ಮೊತ್ತ [] = 0
ಮೊತ್ತ (ಮೊದಲು : ಉಳಿದವು) = ಮೊದಲು + ಮೊತ್ತ ಉಳಿದವು

ಇದನ್ನು ಮೂರು ಸಂಖ್ಯೆಗೆ ಹಚ್ಚಿ, ಎಡಭಾಗ ಕಂಡಲ್ಲೆಲ್ಲ ಬಲಭಾಗ ಬರೆಯುತ್ತಾ ಹೋಗಿ:

ಮೊತ್ತ [10, 30, 20]
= 10 + ಮೊತ್ತ [30, 20]
= 10 + (30 + ಮೊತ್ತ [20])
= 10 + (30 + (20 + ಮೊತ್ತ []))
= 10 + (30 + (20 + 0))
= 60

ಕೊನೆಯಿಂದ ಎರಡನೇ ಸಾಲನ್ನು ಚೆನ್ನಾಗಿ ನೋಡಿ. ಕೂಡುವ ಚಿಹ್ನೆಯ ಜಾಗದಲ್ಲಿ ಬೇರೆ ಫಂಕ್ಷನ್, ಸೊನ್ನೆಯ ಜಾಗದಲ್ಲಿ ಬೇರೆ ಬೆಲೆ ಇಟ್ಟರೆ ಅದೇ ಫೋಲ್ಡ್‌ಆರ್ (foldr) ಎಂಬ ಲೈಬ್ರರಿ ಫಂಕ್ಷನ್. ಪಟ್ಟಿಯ ಪ್ರತಿಯೊಂದಕ್ಕೂ ಫಂಕ್ಷನ್ ಹಚ್ಚುವ ಮ್ಯಾಪ್, ಬೇಕಾದವನ್ನಷ್ಟೇ ಉಳಿಸುವ ಫಿಲ್ಟರ್ ಎರಡನ್ನೂ ಹೀಗೆ ಕೈಯಾರೆ ಬರೆದು ನೋಡುವ ತನಕ ಲೈಬ್ರರಿಯವನ್ನು ಮುಟ್ಟಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಫೋಲ್ಡ್‌ಆರ್‌ನ ಜೋಡಿಯಾದ ಫೋಲ್ಡ್‌ಎಲ್ (foldl) ಎಡದಿಂದ ಕೂಡುತ್ತದಾದ್ದರಿಂದ ಮೆಮೊರಿ ಉಳಿಯುತ್ತದೆ ಎಂದು ಅನ್ನಿಸುತ್ತದೆ. ಆದರೆ ಹ್ಯಾಸ್ಕೆಲ್ ಬೇಕಾಗುವ ತನಕ ಲೆಕ್ಕ ಮಾಡುವುದಿಲ್ಲ. ಮಾಡದೆ ಉಳಿದ ಕೂಡುವಿಕೆಗಳು ಒಂದರ ಮೇಲೊಂದು ಸೇರುತ್ತವೆ. ದೊಡ್ಡ ಪಟ್ಟಿ ಕೊಟ್ಟರೆ ಜಿಎಚ್‌ಸಿಐ ಮೆಮೊರಿ ತಿನ್ನುವುದು ಇದರಿಂದಲೇ. ಆಪ್ಟಿಮೈಸ್ ಮಾಡಿ ಕಂಪೈಲ್ ಮಾಡಿದಾಗ ಎಷ್ಟೋ ಸಲ ಇದು ಕಾಣಿಸುವುದಿಲ್ಲ. ಹೆಸರಿನ ಕೊನೆಗೆ ಅಪಾಸ್ಟ್ರಫಿ ಇರುವ ಫೋಲ್ಡ್‌ಎಲ್ ಆಗಿಂದಾಗಲೇ ಕೂಡಿಬಿಡುತ್ತದೆ. ಅದು ಡೇಟಾ.ಲಿಸ್ಟ್ ಎಂಬ ಮಾಡ್ಯೂಲ್‌ನಲ್ಲಿದೆ, ಜಿಎಚ್‌ಸಿ 9.10ರಿಂದ ಇಂಪೋರ್ಟ್ ಕೂಡ ಬೇಕಿಲ್ಲ.

ಸರಾಸರಿ ದರಕ್ಕೆ ಮೊತ್ತವನ್ನು ಲೆಂಗ್ತ್‌ನಿಂದ ಭಾಗಿಸಿದರೆ ಟೈಪ್ ಎರರ್ ಬರುತ್ತದೆ. ದರ ಡಬಲ್, ಲೆಂಗ್ತ್ ಕೊಡುವುದು ಇಂಟ್. ಹ್ಯಾಸ್ಕೆಲ್ ತಾನಾಗಿ ಬದಲಿಸಿಕೊಳ್ಳುವುದಿಲ್ಲ. ಲೆಂಗ್ತ್‌ಗೆ ಫ್ರಮ್‌ಇಂಟಿಗ್ರಲ್ ಹಚ್ಚಬೇಕು. ಖಾಲಿ ಪಟ್ಟಿ ಬಂದಾಗ ಪ್ರೋಗ್ರಾಂ ನಿಲ್ಲುವುದೂ ಇಲ್ಲ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ನ್ಯಾನ್ (NaN, ‘ಸಂಖ್ಯೆಯಲ್ಲ’) ಎಂದು ಕೊಟ್ಟುಬಿಡುತ್ತದೆ. ಅದಕ್ಕೇ ಟೈಪನ್ನು ಮೊದಲು ಬರೆಯಿರಿ:

ಸರಾಸರಿ :: [ಡಬಲ್] -> ಮೇಬಿ ಡಬಲ್

ಮೇಬಿ ಎಂದರೆ ಉತ್ತರ ಇರಬಹುದು, ಇಲ್ಲದಿರಬಹುದು ಎಂಬ ಟೈಪ್. ಹಾಗೆ ಬರೆದ ಮೇಲೆ ಖಾಲಿ ಪಟ್ಟಿಗೆ ನಥಿಂಗ್ (ಏನೂ ಇಲ್ಲ) ಎಂಬ ಉತ್ತರ ಬರೆಯುವುದು ಸಹಜವಾಗಿ ಹೊಳೆಯುತ್ತದೆ.

ಬೆಲ್ಲದ ಬಗೆಗೆ ಸ್ಟ್ರಿಂಗ್ ಬೇಡ, ಸ್ವಂತ ಟೈಪ್ ಮಾಡಿ: ಅಚ್ಚು, ಕುರಿಕಟ್ಟು, ಬಕೆಟ್. ಒಂದೊಂದಕ್ಕೂ ಒಂದು ಸಾಲು ಬರೆದು ಕಂಪೈಲರಿಗೆ ಎಚ್ಚರಿಕೆ ತೋರಿಸಲು ಹೇಳುವ ಮೈನಸ್ ಡಬ್ಲ್ಯೂ ಆಲ್ (-Wall) ಹಾಕಿದರೆ, ಬಿಟ್ಟುಹೋದ ಬಗೆಯನ್ನು ಕಂಪೈಲರೇ ಹೆಸರು ಹಿಡಿದು ತೋರಿಸುತ್ತದೆ. ಕೊನೆಗೆ ಅಂಡರ್‌ಸ್ಕೋರ್ ಹಾಕಿ ‘ಉಳಿದದ್ದೆಲ್ಲ’ ಎಂದರೆ ಈ ಎಚ್ಚರಿಕೆ ಸಿಗುವುದಿಲ್ಲ. ನಾಳೆ ಉಂಡೆ ಬೆಲ್ಲ ಸೇರಿಸಿದಾಗ ಅದು ಸದ್ದಿಲ್ಲದೆ ತಪ್ಪು ದರಕ್ಕೆ ಹೋಗುತ್ತದೆ.

ಋಣಸಂಖ್ಯೆ ಕೊಡುವಾಗ ಆವರಣ ಮರೆಯಬೇಡಿ. ಫಂಕ್ಷನ್ ಹೆಸರಿನ ನಂತರ ಬರೀ -1 ಬರೆದರೆ ಫಂಕ್ಷನ್‌ನಿಂದಲೇ 1 ಕಳೆಯಲು ಹೊರಡುತ್ತದೆ.

ಫೈಲ್ ಓದುವುದು, ಪ್ರಿಂಟ್ ಮಾಡುವುದು ಮೇನ್‌ನಲ್ಲೇ ಇರಲಿ, ಲೆಕ್ಕ ಮಾಡುವ ಫಂಕ್ಷನ್‌ಗಳಿಗೆ ಐಒ (ಇಂತಹ ಓದು-ಬರಹದ ಕೆಲಸ) ತಾಗಬಾರದು. ಆಗ ಪ್ರತಿಯೊಂದನ್ನೂ ಜಿಎಚ್‌ಸಿಐನಲ್ಲಿ ಬಿಡಿಯಾಗಿ ಪರೀಕ್ಷಿಸಬಹುದು. ದರದ ಸಾಲನ್ನು ಸಂಖ್ಯೆಯಾಗಿಸಲು ರೀಡ್ ಬಳಸಿದರೆ ಒಂದೇ ಒಂದು ಖಾಲಿ ಸಾಲಿಗೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಟೆಕ್ಸ್ಟ್.ರೀಡ್‌ನ ರೀಡ್‌ಮೇಬಿ ಬಳಸಿ, ನಥಿಂಗ್ ಬಂದ ಸಾಲುಗಳನ್ನು ಬೇರೆ ಪಟ್ಟಿಗೆ ತೆಗೆದು ಕೊನೆಯಲ್ಲಿ ಪ್ರಿಂಟ್ ಮಾಡಿ.